ಕಾರ್ಡು ಮೊದಲಾ, ಕಡಲು ಮೊದಲಾ?

ಮಳೆಗಾಲ ಶುರುವಾಗಿದೆ. ನಮ್ಮ ದೋಣಿ ಮುರುಡೇಶ್ವರದ ದಡದಲ್ಲಿ ಟಾರ್ಪಾಲು ಹೊದ್ದು ಮಲಗಿದೆ. ಸಿಲಿಂಡರುಗಳು ಗೋಡೆಗೊರಗಿ ಸಾಲಾಗಿ ನಿಂತಿವೆ. ನೇತ್ರಾಣಿ ದ್ವೀಪ ಇಲ್ಲಿಂದ ಸುಮಾರು 19 ಕಿಲೋಮೀಟರು ಅಷ್ಟೇ. ಆದರೆ ಈ ಗಾಳಿಗೆ ಅದರ ಹೆಸರೆತ್ತುವ ಹಾಗಿಲ್ಲ. ಅಕ್ಟೋಬರ್ ತನಕ ನನಗೆ ಪುರುಸೊತ್ತೇ ಪುರುಸೊತ್ತು. ಹಾಗಾಗಿ ಸಂಪಾದಕರು ಕಳಿಸಿಕೊಟ್ಟ ಪತ್ರಗಳ ಕಟ್ಟು ಬಿಚ್ಚಿ ಕೂತಿದ್ದೇನೆ. ಹೆಚ್ಚಿನವರು ಕೇಳಿರುವುದು ಒಂದೇ ವಿಷಯ. ಸ್ಕೂಬಾ ಡೈವಿಂಗ್, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ಕಡಲೊಳಗೆ ಇಳಿಯುವುದು, ಚೆನ್ನಾಗಿ ಬರಬೇಕಾದರೆ ಕೋರ್ಸ್ ಮೇಲೆ ಕೋರ್ಸ್ ಮಾಡಿ ಕಾರ್ಡ್ ಪಡೆಯಬೇಕಾ, ಇಲ್ಲ ಸುಮ್ನೆ ಡೈವ್ ಮಾಡ್ತಾ ಹೋದರೆ ಸಾಕಾ? ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸರ್, ಜನವರಿಯಲ್ಲಿ ಡೈವಿಂಗಿನ ಮೊದಲ ಕೋರ್ಸ್, ಓಪನ್ ವಾಟರ್, ಮುಗಿಸಿದೆ. ಈವರೆಗೆ 14 ಡೈವ್ ಆಗಿವೆ. ನನ್ನ ತೊಂದರೆ ಏನೆಂದರೆ ಗಾಳಿ ಬೇಗ ಖಾಲಿಯಾಗುತ್ತದೆ. 10 ಮೀಟರ್ ಆಳದಲ್ಲಿ ಜೊತೆಗಿದ್ದವರು 50 ನಿಮಿಷ ಇದ್ದರೆ ನಾನು ಅರ್ಧ ಗಂಟೆಗೇ ಮೇಲೆ ಬರಬೇಕು. ನನ್ನಿಂದ ಎಲ್ಲರ ಡೈವ್ ಹಾಳು. ಒಬ್ಬ ಗೆಳೆಯ "ಅಡ್ವಾನ್ಸ್ಡ್ ಕೋರ್ಸ್ ಮಾಡು, ಎಲ್ಲ ಸರಿಹೋಗುತ್ತೆ" ಅನ್ನುತ್ತಾನೆ. ಇನ್ನೊಬ್ಬ "ಅದೆಲ್ಲ ದುಡ್ಡು ಕೀಳೋ ದಾರಿ, ಅದೇ ದುಡ್ಡಲ್ಲಿ ಇನ್ನೊಂದಿಷ್ಟು ಡೈವ್ ಹೊಡಿ" ಅನ್ನುತ್ತಾನೆ. ಯಾರ ಮಾತು ಕೇಳಲಿ?
— ಎಂ. ಕೆ., ಹುಬ್ಬಳ್ಳಿ

ಉತ್ತರ: ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ನಿಮ್ಮನ್ನು ನೀರಿನೊಳಗೆ ಸರಿಯಾಗಿ ನೋಡಿದಂತೆ ಕಾಣುವುದಿಲ್ಲ.

ಮೊದಲು ಒಂದು ಲೆಕ್ಕ ಮಾಡೋಣ. ನಮ್ಮಲ್ಲಿ ಜಾಸ್ತಿ ಬಳಸುವ ಅಲ್ಯೂಮಿನಿಯಂ ಸಿಲಿಂಡರಿನ ಒಳಗಿನ ಜಾಗ ಸುಮಾರು 11 ಲೀಟರ್. ಅದಕ್ಕೆ 200 ಬಾರ್ ಒತ್ತಡದವರೆಗೆ ತುಂಬಿದರೆ 2,200 ಲೀಟರ್ ಗಾಳಿ. 50 ಬಾರ್ ಉಳಿಸಿಕೊಂಡು ಮೇಲೆ ಬರಬೇಕು, ಆದ್ದರಿಂದ ಖರ್ಚಿಗೆ ಸಿಗುವುದು 1,650 ಲೀಟರ್. 10 ಮೀಟರ್ ಆಳದಲ್ಲಿ ಒತ್ತಡ ದುಪ್ಪಟ್ಟು, ಹಾಗಾಗಿ ಒಂದೊಂದು ಉಸಿರಿಗೂ ದುಪ್ಪಟ್ಟು ಗಾಳಿ ಹೋಗುತ್ತದೆ. ನೀವು ಅದನ್ನು 30 ನಿಮಿಷದಲ್ಲಿ ಮುಗಿಸುತ್ತೀರಿ ಅಂದರೆ ನಿಮಿಷಕ್ಕೆ 55 ಲೀಟರ್. ದಡದ ಮೇಲಿನ ಲೆಕ್ಕಕ್ಕೆ ತಂದರೆ 27.5. ನಿಮ್ಮ ಜೊತೆಯವರದ್ದು 16.5. ಈ 11 ಲೀಟರಿನ ವ್ಯತ್ಯಾಸ ಎಲ್ಲಿ ಸೋರುತ್ತಿದೆ ಅನ್ನುವುದೇ ನಿಮ್ಮ ಪ್ರಶ್ನೆ.

ಈಗ ಅಡ್ವಾನ್ಸ್ಡ್ ಕೋರ್ಸಿಗೆ ಬನ್ನಿ. ಅದು ನಿಮ್ಮನ್ನು ಈಗಿನ ಕಾರ್ಡಿನ 18 ಮೀಟರಿನಿಂದ 30 ಮೀಟರಿಗೆ ಇಳಿಸುತ್ತದೆ. 30 ಮೀಟರಿನಲ್ಲಿ ಒತ್ತಡ ನಾಲ್ಕು ಪಟ್ಟು. ಇದೇ ಉಸಿರಾಟ ಇಟ್ಟುಕೊಂಡು ಅಲ್ಲಿಗೆ ಹೋದರೆ ನಿಮಿಷಕ್ಕೆ 110 ಲೀಟರ್. ಹದಿನೈದು ನಿಮಿಷಕ್ಕೆ ಆಟ ಮುಗಿಯಿತು! ಇಳಿಯುವ, ಏರುವ ಹೊತ್ತನ್ನೂ ಅದರಲ್ಲೇ ಕಳೆಯಬೇಕು. ತೂತು ಬಿದ್ದ ಕೊಡ ಹಿಡಿದುಕೊಂಡು ಇನ್ನೂ ದೂರದ ಬಾವಿಗೆ ನೀರಿಗೆ ಹೋದ ಹಾಗೆ. ಮೊದಲು ತೂತು ಮುಚ್ಚೋಣ.

ನನಗೆ ನಿಮ್ಮಿಂದ ಬೇಕಾದ ಒಂದೇ ಮಾಹಿತಿ ಪತ್ರದಲ್ಲಿ ಇಲ್ಲ. ಮುಳುಗಲೆಂದು ಬೆಲ್ಟಿಗೆ ಎಷ್ಟು ಕಿಲೋ ಸೀಸ ಕಟ್ಟಿಕೊಳ್ಳುತ್ತೀರಿ?

ಹೋದ ವರ್ಷ ಡಿಸೆಂಬರಿನಲ್ಲಿ ಒಬ್ಬರು ಬಂದಿದ್ದರು. ನಿಮ್ಮ ವಯಸ್ಸಿನವರೇ ಇರಬೇಕು. 60 ಡೈವ್ ಆಗಿದೆ ಅಂತ ಲಾಗ್ ಬುಕ್ ತೋರಿಸಿದರು. ದೋಣಿಯಲ್ಲಿ ಬೆಲ್ಟ್ ಕಟ್ಟುವಾಗ ನೋಡಿದೆ, 8 ಕಿಲೋ. ತೆಳ್ಳಗಿನ ಆಳು, ತೆಳ್ಳಗಿನ ಸೂಟು. ಯಾಕೆ ಸರ್ ಇಷ್ಟೊಂದು ಅಂದೆ. "ಕೋರ್ಸಿನಲ್ಲಿ ಇಷ್ಟೇ ಕೊಟ್ಟಿದ್ದು" ಅಂದರು. ನಗು ಬಂತು, ಆದರೆ ತಪ್ಪು ಅವರದ್ದಲ್ಲ. ಹೊಸಬರು ಹೆದರಿ ಬೆಂಡಿನ ಹಾಗೆ ಮೇಲೆ ತೇಲಿ ಹೋಗಬಾರದು ಅಂತ ಮೊದಲ ದಿನ ಒಂದೆರಡು ಕಿಲೋ ಜಾಸ್ತಿ ಕಟ್ಟುವುದುಂಟು. ಕೋರ್ಸ್ ಮುಗಿದ ಮೇಲೆ ಇಳಿಸಬೇಕು. ಅವರಿಗೆ ಯಾರೂ ಹೇಳಲಿಲ್ಲ. 60 ಡೈವ್ ಅವರು ಅದೇ ಭಾರ ಹೊತ್ತುಕೊಂಡು ಮಾಡಿದ್ದಾರೆ.

ನೀರಿನೊಳಗೆ ಅವರನ್ನು ಪಕ್ಕದಿಂದ ನೋಡಿದೆ. ತಲೆ ಮೇಲೆ, ಕಾಲು ಕೆಳಗೆ, ಸೈಕಲ್ ತುಳಿಯುತ್ತಿದ್ದಾರೆ. ಸೊಂಟದ ಸೀಸ ಕೆಳಗೆ ಎಳೆಯುತ್ತದೆ. ಅದನ್ನು ಸರಿದೂಗಿಸಲು ಜಾಕೆಟ್ಟಿಗೆ ಗಾಳಿ ತುಂಬುತ್ತಾರೆ, ಅದು ಎದೆಯನ್ನು ಮೇಲೆತ್ತುತ್ತದೆ. ಒಂದು ಮೀಟರ್ ಮೇಲೆ ಬಂದರೆ ಜಾಕೆಟ್ಟಿನ ಗಾಳಿ ಹಿಗ್ಗಿ ಇನ್ನೂ ಮೇಲೆ ಎಳೆಯುತ್ತದೆ. ಹೆದರಿ ಗಾಳಿ ಬಿಡುತ್ತಾರೆ, ಕಲ್ಲಿನ ಹಾಗೆ ಇಳಿಯುತ್ತಾರೆ. ಮತ್ತೆ ತುಂಬುತ್ತಾರೆ. ಕೈ ಎರಡೂ ರೊಟ್ಟಿ ತಟ್ಟುವ ಹಾಗೆ ಆಡುತ್ತಿವೆ. ಇಷ್ಟೆಲ್ಲ ಕಸರತ್ತಿಗೆ ಗಾಳಿ ಬೇಡವಾ?

ಮರುದಿನ 2 ಕಿಲೋ ತೆಗೆದೆವು. ಅದರ ಮರುದಿನ ಇನ್ನೊಂದು. 5 ಕಿಲೋಗೆ ಬಂದು ನಿಂತಿತು. ಮೊದಲ ದಿನ 35 ನಿಮಿಷಕ್ಕೆ 50 ಬಾರ್ ಮುಟ್ಟಿದವರು ಮೂರನೇ ದಿನ ಅಷ್ಟೇ ಹೊತ್ತಿಗೆ 90 ಬಾರ್ ತೋರಿಸಿದರು. ದೋಣಿ ಹತ್ತಿ ಗಾಳಿಯ ಒತ್ತಡ ತೋರಿಸುವ ಮೀಟರನ್ನು ಎರಡು ಸಲ ಬೆರಳಿಂದ ತಟ್ಟಿ ನೋಡಿದರು, ಮುಳ್ಳು ಸಿಕ್ಕಿಕೊಂಡಿದೆಯೋ ಏನೋ ಅಂತ.

"ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ" ಅನ್ನುವುದು ಇದಕ್ಕೇ. ಅಭ್ಯಾಸ ನಿಮ್ಮಲ್ಲಿ ಏನಿದೆಯೋ ಅದನ್ನೇ ಗಟ್ಟಿ ಮಾಡುತ್ತದೆ. ಸರಿ ಇದ್ದರೆ ಸರಿಯನ್ನು, ತಪ್ಪಿದ್ದರೆ ತಪ್ಪನ್ನು. ಅವರಿಗೆ 61ನೇ ಡೈವ್ ಬೇಕಿರಲಿಲ್ಲ, ಇನ್ನೊಂದು ಕಾರ್ಡೂ ಬೇಕಿರಲಿಲ್ಲ. ಪಕ್ಕದಿಂದ ನೋಡುವ ಒಂದು ಜೋಡಿ ಕಣ್ಣು ಬೇಕಿತ್ತು.

ನೀವು ಹೀಗೆ ಮಾಡಿ. ಡೈವ್ ಮುಗಿದು 50 ಬಾರ್ ಉಳಿದಾಗ, ಮೇಲೆ ತೇಲುತ್ತಿರುವಾಗಲೇ ಜಾಕೆಟ್ಟಿನ ಗಾಳಿ ಪೂರ್ತಿ ಬಿಟ್ಟು, ಮಾಮೂಲು ಉಸಿರು ಎಳೆದುಕೊಂಡು ಅಲ್ಲಾಡದೆ ನಿಲ್ಲಿ. ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು, ಉಸಿರು ಬಿಟ್ಟಾಗ ಮೆಲ್ಲಗೆ ಮುಳುಗಬೇಕು. ದಬಕ್ಕನೆ ಮುಳುಗಿದರೆ ಸೀಸ ಜಾಸ್ತಿ. ಈ ಪರೀಕ್ಷೆಯನ್ನು ಕೊನೆಯಲ್ಲೇ ಯಾಕೆ ಮಾಡಬೇಕು ಗೊತ್ತಾ? ಗಾಳಿಗೂ ತೂಕ ಇದೆ. ನೀವು ಉಸಿರಾಡಿ ಮುಗಿಸಿದ 1,650 ಲೀಟರ್ ಗಾಳಿ ಸುಮಾರು 2 ಕಿಲೋ ತೂಗುತ್ತದೆ. ತುಂಬಿದ ಸಿಲಿಂಡರಿನಲ್ಲಿ ಸರಿ ಕಂಡ ಭಾರ, ಖಾಲಿಯಾದಾಗ ಸಾಲದೆ ಬಂದು 5 ಮೀಟರಿನಲ್ಲಿ ನಿಲ್ಲಲಾರದೆ ಮೇಲೆ ಚಿಮ್ಮಬಹುದು.

ಆಮೇಲೆ ಪ್ರತಿ ಡೈವಿನ ಕೊನೆಗೆ 5 ಮೀಟರಿನಲ್ಲಿ 3 ನಿಮಿಷ ನಿಲ್ಲುತ್ತೀರಲ್ಲ, ಆ ಸೇಫ್ಟಿ ಸ್ಟಾಪನ್ನು ಸುಮ್ನೆ ಕಳೆಯಬೇಡಿ. ಮಲಗಿದ ಹಾಗೆ ಅಡ್ಡಲಾಗಿ ಇರಿ. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಹೇಳುತ್ತಿದ್ದರಲ್ಲ, ಹಾಗೆ ಕೈಕಟ್ಟಿ. ಕಾಲು ಆಡಿಸಬೇಡಿ. ಆಳ ತೋರಿಸುವ ಡೈವ್ ಕಂಪ್ಯೂಟರ್ ನೋಡಿಕೊಂಡು 4.5ಕ್ಕೂ 5.5ಕ್ಕೂ ನಡುವೆ ಬರೀ ಉಸಿರಿನಿಂದ ನಿಲ್ಲಲು ನೋಡಿ. ಉಸಿರು ಹಿಡಿಯಬಾರದು, ನಿಧಾನ ಮಾಡಬೇಕು ಅಷ್ಟೇ. ಮೊದಲ ಸಲ ಗಾಳಿಪಟದ ಹಾಗೆ ಮೇಲೆ ಕೆಳಗೆ ಹೋಗುತ್ತೀರಿ. ಏಳೆಂಟು ಡೈವಿಗೆ ಬಂದುಬಿಡುತ್ತದೆ. ಡೈವಿಗೆ ಒಂದೇ ವಿಷಯ ಇಟ್ಟುಕೊಳ್ಳಿ. ಈ ಸಲ ಕೈಕಟ್ಟು, ಮುಂದಿನ ಸಲ ಕಪ್ಪೆ ಒದೆತ. ಎಲ್ಲ ಒಟ್ಟಿಗೆ ಹಿಡಿಯಲು ಹೋದರೆ ಮೀನು ನೋಡುವುದೂ ತಪ್ಪುತ್ತದೆ. ಒಂದು ಸಲ ಬಡ್ಡಿ ಕೈಯಲ್ಲಿ ಎರಡು ನಿಮಿಷದ ವಿಡಿಯೋ ತೆಗೆಸಿಕೊಳ್ಳಿ. (ಬ್ಯಾಂಕಿನ ಬಡ್ಡಿ ಅಲ್ಲ, ನೀರಿನಲ್ಲಿ ನಿಮ್ಮ ಜೊತೆಗಾರ. ನಮ್ಮ ದೋಣಿಯಲ್ಲಿ ಈ ಜೋಕು ಹಳಸಿ ವರ್ಷಗಳಾದವು.) ನನ್ನ ಮೊದಲ ವಿಡಿಯೋ ನೋಡಿ ನನಗೇ ನಾಚಿಕೆಯಾಗಿತ್ತು.

25–30 ಡೈವ್ ಆಗಲಿ. ಆಮೇಲೆ ಅಡ್ವಾನ್ಸ್ಡ್ ಮಾಡಿ, ಬೇಡ ಅನ್ನುವುದಿಲ್ಲ. ಅದರಲ್ಲಿರುವುದು ಐದು ಡೈವ್. ಪ್ಯಾಡಿ (ಡೈವಿಂಗ್ ಕಲಿಸಿ ಕಾರ್ಡ್ ಕೊಡುವ ಸಂಸ್ಥೆ) ಪದ್ಧತಿಯಲ್ಲಿ ಆಳದ್ದು ಮತ್ತು ದಿಕ್ಸೂಚಿಯದ್ದು ಎರಡು ಕಡ್ಡಾಯ, ಉಳಿದ ಮೂರು ನಿಮ್ಮ ಆಯ್ಕೆ. ಫೋಟೋ ಡೈವ್ ಆರಿಸುವವರೇ ಜಾಸ್ತಿ. ನೀವು ತೇಲುವಿಕೆಯ ಡೈವ್ ಆರಿಸಿ. ಫೋಟೋ ತೆಗೆಯುವವನಿಗೂ ಮೊದಲು ಅಲ್ಲಾಡದೆ ನಿಲ್ಲಲು ಬರಬೇಕು, ಅಲ್ವಾ?

ಪ್ರಶ್ನೆ: ನಾನು ತೀರ್ಥಹಳ್ಳಿಯವಳು. ತುಂಗಾ ಹೊಳೆಯಲ್ಲಿ ಈಜಿ ಬೆಳೆದವಳು. ನೀರೆಂದರೆ ಹೆದರಿಕೆ ಇಲ್ಲ, ಒಂದು ನಿಮಿಷದ ಮೇಲೆ ಉಸಿರು ಕಟ್ಟುತ್ತೇನೆ. ಕೋರ್ಸ್ ಇಲ್ಲದೆ ಮಾಡಿಸುವ ಪ್ರವಾಸಿಗರ ಡೈವ್ ಮೂರು ಸಲ ಮಾಡಿದ್ದೇನೆ. ನನ್ನ ಕಸಿನ್ ಹತ್ತಿರ ಕಾರ್ಡ್ ಇದೆ. "ನಾನೇ ಕಲಿಸ್ತೀನಿ ಬಾ, ವಿಡಿಯೋಗಳೂ ಬೇಕಾದಷ್ಟಿವೆ, ಸುಮ್ನೆ ಅಷ್ಟೊಂದು ದುಡ್ಡು ಯಾಕೆ" ಅನ್ನುತ್ತಾನೆ. ನನ್ನಂಥ ಈಜುಗಾರ್ತಿಗೂ ಕೋರ್ಸ್ ಬೇಕೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ಬೇಕು. ನಿಮ್ಮಂಥವರಿಗೆ ಇನ್ನೂ ಜಾಸ್ತಿ ಬೇಕು. ಸಿಟ್ಟು ಮಾಡಿಕೊಳ್ಳಬೇಡಿ, ನನ್ನ ಚಿಕ್ಕಪ್ಪನ ಕಥೆ ಕೇಳಿ.

ಚಿಕ್ಕಪ್ಪ ನೀಲಿಕಲ್ಲು ತೆಗೆಯುವವರು. ಬಂಡೆಗೆ ಅಂಟಿಕೊಂಡ ಆ ಚಿಪ್ಪುಗಳನ್ನು ಉಸಿರು ಕಟ್ಟಿ ಮುಳುಗಿ, ಉಳಿಯಿಂದ ಎಬ್ಬಿಸಿ, ಸೊಂಟದ ಬಲೆಚೀಲಕ್ಕೆ ಹಾಕಿಕೊಂಡು ಬರುತ್ತಿದ್ದರು. ಮೂವತ್ತು ವರ್ಷ ಅದೇ ಕೆಲಸ. ನಮ್ಮೂರ ಕಡಲಿನಲ್ಲಿ ಅವರಷ್ಟು ನೀರು ಬಲ್ಲವರನ್ನು ನಾನು ನೋಡಿಲ್ಲ. ನಾನು ಡೈವಿಂಗ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ "ಎಲ್ಲಿ ತಾ ನಿನ್ನ ಡಬ್ಬ, ನೋಡುವಾ" ಅಂದರು. ಸಿಲಿಂಡರ್ ಹೊರಿಸಿದೆ. ಉಸಿರಾಡುತ್ತಾ ಇರಬೇಕು, ಕಟ್ಟಬಾರದು ಅಂತ ಹತ್ತು ಸಲ ಹೇಳಿದೆ. "ಹೂಂ ಮಾರಾಯ" ಅಂದರು. ದಡದ ಹತ್ತಿರ ಮೂರು ಮೀಟರ್ ನೀರು. ಇಳಿದೆವು.

ಕೆಳಗೆ ಹೋದವರೇ ಒಂದು ದೊಡ್ಡ ಉಸಿರು ಎಳೆದುಕೊಂಡರು. ಗುಳ್ಳೆ ನಿಂತಿತು. ಬಂಡೆಯ ಸಂದಿ ನೋಡಿದರು, ಕೈ ಹಾಕಿದರು. ಮೂವತ್ತು ವರ್ಷದ ರೂಢಿ, ಮೈ ತಾನಾಗಿಯೇ ಮಾಡುತ್ತಿದೆ. ಗುಳ್ಳೆ ಬರಲೇ ಇಲ್ಲ. ಆಮೇಲೆ ಕೆಲಸ ಮುಗಿದವರ ಹಾಗೆ ಕಾಲನ್ನು ನೆಲಕ್ಕೆ ಒದ್ದು ಮೇಲೆ ಹೊರಟರು. ನಾನು ಎರಡೂ ಕೈಯಿಂದ ಅವರ ಬೆಲ್ಟ್ ಹಿಡಿದು ಕೆಳಗೆಳೆದೆ. ಹೊಟ್ಟೆಗೆ ಗುದ್ದಿದೆ ಅಂತಲೇ ಅನ್ನಿ. ಬುಸ್ಸನೆ ಗುಳ್ಳೆ ಬಂತು. ಚಿಕ್ಕಪ್ಪನ ಹೊಟ್ಟೆಗೆ ಗುದ್ದಿದ್ದು ಜನ್ಮದಲ್ಲಿ ಅದೊಂದೇ ಸಲ.

ಯಾಕೆ ಗಾಬರಿಯಾದೆ ಅಂದರೆ, ದಡದ ಮೇಲೆ ಎಳೆದುಕೊಂಡ ಉಸಿರು ಕೆಳಗೆ ಹೋದಾಗ ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಅದರಿಂದ ಪುಪ್ಪಸಕ್ಕೆ ಏನೂ ಆಗುವುದಿಲ್ಲ. ಸಿಲಿಂಡರಿನ ಉಸಿರು ಹಾಗಲ್ಲ. ಅದನ್ನು ಕೆಳಗಿನ ಒತ್ತಡದಲ್ಲೇ ಎಳೆದುಕೊಂಡಿರುತ್ತೀರಿ. ಕಟ್ಟಿಕೊಂಡು ಮೇಲೆ ಬಂದರೆ ಹಿಗ್ಗುತ್ತದೆ. 10 ಮೀಟರಿನಿಂದ ಬಂದರೆ ಎರಡು ಪಟ್ಟು. ಪುಪ್ಪಸ ಹರಿಯಲು ಅಷ್ಟು ಆಳವೂ ಬೇಡ, ಈಜುಕೊಳದ ಆಳ ಸಾಕು. ಹರಿದ ಜಾಗದಿಂದ ಗಾಳಿ ರಕ್ತಕ್ಕೆ ಸೇರಿ ಮಿದುಳಿಗೆ ಹೋದರೆ ನಿಮಿಷಗಳಲ್ಲಿ ಮುಗಿಯುತ್ತದೆ.

ನಿಮ್ಮ ತುಂಗೆಯ ಈಜು, ಒಂದು ನಿಮಿಷದ ಉಸಿರು, ಎರಡೂ ಒಳ್ಳೆಯವೇ. ಆದರೆ ಗಾಬರಿಯಾದಾಗ ಮೈ ಹಳೇ ಪಾಠವನ್ನೇ ಒಪ್ಪಿಸುತ್ತದೆ. ಉಸಿರು ಕಟ್ಟು, ಮೇಲೆ ಹೋಗು. ಅದನ್ನು ಅಳಿಸಿ ಹೊಸದು ಬರೆಯಲು ಸುರಕ್ಷಿತ ನೀರಿನಲ್ಲಿ, ಗೊತ್ತಿರುವವರ ಎದುರಿಗೆ, ಮತ್ತೆ ಮತ್ತೆ ಮಾಡಬೇಕು. ಮಾಸ್ಕ್ ತೆಗೆದು ಉಸಿರಾಡುವುದು, ಸಿಲಿಂಡರಿನ ಗಾಳಿ ಕೊಡುವ ರೆಗ್ಯುಲೇಟರ್ ಬಾಯಿಂದ ಬಿದ್ದರೆ ತೋಳು ಹಿಂದಕ್ಕೆ ಬೀಸಿ ಹುಡುಕುವುದು, ಗಾಳಿ ಮುಗಿದರೆ "ಆ..." ಅಂತ ದನಿ ಬಿಡುತ್ತಾ ಏರುವುದು. ದನಿ ಬರುತ್ತಿದೆ ಅಂದರೆ ಉಸಿರು ಹೊರಗೆ ಹೋಗುತ್ತಿದೆ ಅಂತ. ಓಪನ್ ವಾಟರ್ ಕೋರ್ಸಿನಲ್ಲಿ ಮೊದಲು ಈಜುಕೊಳ ಅಥವಾ ಆಳವಿಲ್ಲದ ನೀರು, ಆಮೇಲೆ ಕಡಲಿನಲ್ಲಿ ನಾಲ್ಕು ಡೈವ್. 200 ಮೀಟರ್ ಈಜು, 10 ನಿಮಿಷ ತೇಲುವುದು ಅದರಲ್ಲೇ ಇದೆ. ಅವೆರಡು ನಿಮಗೆ ನೀರು ಕುಡಿದಷ್ಟು ಸುಲಭ. ಉಳಿದದ್ದು ಅಲ್ಲ.

ಇನ್ನು ನಿಮ್ಮ ಕಸಿನ್. ಅವನಿಗೆ ಡೈವ್ ಬರುತ್ತದೆ, ಸರಿ. ಅಕ್ಕಪಕ್ಕದಲ್ಲಿ ಒಬ್ಬಳು ಮಾಸ್ಕಿಗೆ ನೀರು ತುಂಬಿ ಒದ್ದಾಡುವಾಗ ಏನು ಮಾಡಬೇಕು ಅನ್ನುವುದು ಅವನ ಕಾರ್ಡಿನಲ್ಲಿ ಇಲ್ಲ. ಮತ್ತೆ ನೀವು ಮಾಡಿದ ಆ ಮೂರು ಡೈವ್‌ಗಳಲ್ಲಿ ಗೈಡ್ ನಿಮ್ಮ ಸಿಲಿಂಡರಿನ ಕುತ್ತಿಗೆ ಹಿಡಿದುಕೊಂಡಿದ್ದ, ನಿಮ್ಮ ಜಾಕೆಟ್ಟಿನ ಗುಂಡಿ ಅವನೇ ಒತ್ತುತ್ತಿದ್ದ. ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತ ಮಾತ್ರಕ್ಕೆ ಡ್ರೈವಿಂಗ್ ಬಂದ ಹಾಗಲ್ಲವಲ್ಲ.

ಒಂದು ಕಾಲದಲ್ಲಿ ಕೋರ್ಸೇ ಇರಲಿಲ್ಲ ನಿಜ. 1943ರಲ್ಲಿ ಫ್ರಾನ್ಸಿನಲ್ಲಿ ಕೂಸ್ತೋ ಮತ್ತು ಗಾನ್ಯಾ ಅನ್ನುವವರು ಅಕ್ವಾ-ಲಂಗ್ (ನೀರಿನೊಳಗೆ ಉಸಿರಾಡುವ ಸಾಧನ) ಮಾಡಿದಾಗ ಅವರಿಗೆ ಕಲಿಸುವವರು ಯಾರಿದ್ದರು? ಆಮೇಲೆ ಅದು ಅಂಗಡಿಗೆ ಬಂತು, ಜನ ಕೊಂಡರು, ತಾವೇ ಇಳಿದರು, ಕೆಲವರು ಸತ್ತರು. ಬ್ರಿಟನ್ನಿನಲ್ಲಿ 1953ರಲ್ಲಿ ಡೈವಿಂಗ್ ಕ್ಲಬ್ ಹುಟ್ಟಿತು, ಅಮೆರಿಕದಲ್ಲಿ 1966ರಲ್ಲಿ ಪ್ಯಾಡಿ. ನಿಮ್ಮ ಕೋರ್ಸ್ ಪುಸ್ತಕದ ಒಂದೊಂದು ನಿಯಮದ ಹಿಂದೆಯೂ ಯಾರೋ ಎಡವಿದ್ದಾರೆ. ಆ ದುಡ್ಡು ಅದಕ್ಕೆ ಅಂದುಕೊಳ್ಳಿ.

ಚಿಕ್ಕಪ್ಪ ಮತ್ತೆ ಸಿಲಿಂಡರ್ ಮುಟ್ಟಲಿಲ್ಲ. "ಇದು ನೀರಲ್ಲ, ಆಸ್ಪತ್ರೆ" ಅಂದರು.

ಪ್ರಶ್ನೆ: ನಿವೃತ್ತ ಶಿಕ್ಷಕ, 59 ವರ್ಷ. ಆರು ವರ್ಷದ ಹಿಂದೆ ಮಗನ ಜೊತೆ ಕೋರ್ಸ್ ಮಾಡಿ ಕಾರ್ಡ್ ಪಡೆದೆ. ಆಮೇಲೆ ನೀರಿಗಿಳಿದಿಲ್ಲ. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತೇನೆ. ಈ ಸಲ ಅಕ್ಟೋಬರ್ ರಜೆಯಲ್ಲಿ ಮಗ ನೇತ್ರಾಣಿಗೆ, ಜನವರಿಯಲ್ಲಿ ಅಂಡಮಾನಿನ ಹ್ಯಾವ್‌ಲಾಕಿಗೆ ಕರೆಯುತ್ತಿದ್ದಾನೆ. ನನ್ನ ಕಾರ್ಡ್ ಈಗಲೂ ನಡೆಯುತ್ತದೆಯೇ? ಮತ್ತೆ ಕೋರ್ಸ್ ಮಾಡಬೇಕೇ?
— ಶಿರಸಿಯಿಂದ

ಉತ್ತರ: ಮೇಷ್ಟ್ರೇ, ನಮಸ್ಕಾರ. ಕಾರ್ಡ್ ಹಳಸುವುದಿಲ್ಲ, ಮೈ ಮರೆಯುತ್ತದೆ. ಪೂರ್ತಿ ಕೋರ್ಸ್ ಮತ್ತೆ ಬೇಡ. ಆದರೆ ನೇರವಾಗಿ ಕಡಲಿಗೂ ಬೇಡ. ರಿಫ್ರೆಶರ್ ಅಂತ ಅರ್ಧ ದಿನದ್ದು ಇದೆ, ಈಜುಕೊಳದಲ್ಲಿ ಮಾಡಿಸುವವರ ಹತ್ತಿರ ಹೋಗಿ. ಮಾಸ್ಕ್ ಪೂರ್ತಿ ತೆಗೆದು ಮತ್ತೆ ಹಾಕುವುದನ್ನು ಮೂರು ಸಲ ಮಾಡಿ. ಬಹಳ ಜನ ಮೊದಲು ಮರೆಯುವುದು ಅದನ್ನೇ, ಹೆದರುವುದೂ ಅದಕ್ಕೇ.

ಅದಕ್ಕಿಂತ ಮೊದಲು ಡಾಕ್ಟರು. ಡೈವಿಂಗಿನ ವೈದ್ಯಕೀಯ ಫಾರ್ಮ್ ಅಂತ ಒಂದಿದೆ. ಅದರಲ್ಲಿ ಬಿ.ಪಿ. ಇದೆಯೇ ಅಂತ ಕೇಳುತ್ತಾರೆ. ಇಲ್ಲ ಅಂತ ಬರೆದು ಸಹಿ ಹಾಕುವವರನ್ನು ದಿನಾ ನೋಡುತ್ತೇನೆ. ನೀವು ಹಾಗೆ ಮಾಡಬೇಡಿ. ಫಾರ್ಮನ್ನು ನಿಮ್ಮ ಡಾಕ್ಟರಿಗೆ ತೋರಿಸಿ ಸಹಿ ಮಾಡಿಸಿಕೊಂಡು ಬನ್ನಿ.

ಆರು ವರ್ಷ ಬಿಡಿ, ನನಗೆ ನಾಲ್ಕು ತಿಂಗಳ ಮಳೆಗಾಲವೇ ಸಾಕು. ಕೆಲವು ವರ್ಷದ ಹಿಂದಿನ ಮಾತು. 400 ಡೈವ್ ದಾಟಿದ್ದ ಕಾಲ, ಕೊಂಬು ಬಂದಿತ್ತು. ಅಕ್ಟೋಬರಿನ ಮೊದಲ ಡೈವ್. ನಾವು ನೀರಿಗೆ ಹಾರುವ ಮೊದಲು ಬಡ್ಡಿಯ ಸಾಮಾನು ಒಂದೊಂದೇ ಮುಟ್ಟಿ ನೋಡಬೇಕು. ಜಾಕೆಟ್, ಸೀಸ, ಬಕಲ್, ಗಾಳಿ. ಹೊಸಬರಿಗೆಲ್ಲ ಮಾಡಿಸಿದೆ, ನಾನು ಮಾಡಿಕೊಳ್ಳಲಿಲ್ಲ. ಯಾರೋ ನನ್ನ ಸಿಲಿಂಡರಿನ ವಾಲ್ವ್ ಮುಚ್ಚಿ, ಕಾಲು ಸುತ್ತು ಮಾತ್ರ ತೆರೆದು ಬಿಟ್ಟಿದ್ದರು. ಮೇಲೆ ಏನೂ ಗೊತ್ತಾಗಲಿಲ್ಲ. ಮೀಟರ್ 200 ತೋರಿಸುತ್ತಿತ್ತು. 14 ಮೀಟರಿಗೆ ಹೋದಾಗ ಉಸಿರು ಬಿಗಿಯಾಯಿತು, ಕಿರಿದಾದ ಹುಲ್ಲುಕಡ್ಡಿಯಿಂದ ಎಳೆದ ಹಾಗೆ. ಮೀಟರ್ ನೋಡಿದೆ. ಉಸಿರು ಎಳೆದಾಗ ಮುಳ್ಳು 100ರ ಕಡೆ ಬೀಳುತ್ತದೆ, ಬಿಟ್ಟಾಗ ಮತ್ತೆ 200ಕ್ಕೆ ಏರುತ್ತದೆ. ಗಡಿಯಾರದ ಲೋಲಕದ ಹಾಗೆ. ಕಾರಣ ತಕ್ಷಣ ಹೊಳೆಯಿತು, ಕೋರ್ಸಿನಲ್ಲಿ ಹೇಳಿಕೊಟ್ಟಿದ್ದರು. ಜೊತೆಗಿದ್ದ ಹುಡುಗನಿಗೆ ಬೆನ್ನು ತೋರಿಸಿ ಕೈ ತಿರುಗಿಸಿ ಸನ್ನೆ ಮಾಡಿದೆ. ಅವನು ವಾಲ್ವ್ ತೆರೆದ. ಆ ಹುಡುಗನದ್ದು ಅವತ್ತು 20ನೇ ಡೈವೋ ಏನೋ. ಅಂದಿನಿಂದ ಸೀಸನ್ನಿನ ಮೊದಲ ದಿನ ನಾವು ನಾವೇ, ಗಿರಾಕಿಗಳಿಲ್ಲದೆ, ದಡದ ಹತ್ತಿರ ಇಳಿದು ಎಲ್ಲವನ್ನೂ ಹೊಸಬರ ಹಾಗೆ ಮಾಡುತ್ತೇವೆ.

ಇನ್ನೊಂದು, ನೀವು ಶಿರಸಿಯವರು ಅಂತ ಹೇಳುತ್ತಿದ್ದೇನೆ. ಡೈವ್ ಆದ ಮೇಲೆ ವಿಮಾನ ಹತ್ತಬಾರದು ಅನ್ನುವುದು ಎಲ್ಲರಿಗೂ ಗೊತ್ತು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಎರಡು ಮೂರು ಆಗಿದ್ದರೆ 18 ಗಂಟೆ ಬಿಡಬೇಕು. ಹೊರಗಿನ ಒತ್ತಡ ಕಮ್ಮಿಯಾದರೆ ಮೈಯಲ್ಲಿ ಸೇರಿಕೊಂಡ ನೈಟ್ರೋಜನ್ ಸೋಡಾ ಬಾಟ್ಲಿಯ ಹಾಗೆ ಗುಳ್ಳೆ ಏಳುತ್ತದೆ. ಅಂಡಮಾನಿನ ಟಿಕೆಟ್ ಮಾಡುವಾಗ ಮಗನಿಗೆ ಇದನ್ನು ನೆನಪಿಸಿ. ಆದರೆ ಘಟ್ಟವೂ ಚಿಕ್ಕ ವಿಮಾನವೇ ಅನ್ನುವುದನ್ನು ಯಾರೂ ಯೋಚಿಸುವುದಿಲ್ಲ. ಡೈವ್ ಆದ ಮೇಲೆ 300 ಮೀಟರಿಗಿಂತ ಎತ್ತರಕ್ಕೆ ಹೋಗುವಾಗಲೇ ಎಚ್ಚರ ಬೇಕು. ನಿಮ್ಮೂರು ಅದರ ಹತ್ತಿರ ಹತ್ತಿರ ದುಪ್ಪಟ್ಟು ಎತ್ತರದಲ್ಲಿದೆ, ಬೆಂಗಳೂರು 900 ಮೀಟರ್. ನಮ್ಮಲ್ಲಿ ಬೆಳಿಗ್ಗೆ ಎರಡು ಡೈವ್ ಮುಗಿಸಿ, ಮೀನೂಟ ಮಾಡಿ, ಮೂರು ಗಂಟೆಗೇ ಕಾರು ಹತ್ತಿ ಘಟ್ಟ ಏರುವವರು ಬೇಕಾದಷ್ಟು. ನೀವು ಒಂದು ರಾತ್ರಿ ಇಲ್ಲೇ ಉಳಿಯಿರಿ. ಬೆಳಿಗ್ಗೆ ದೇವಸ್ಥಾನ ನೋಡಿಕೊಂಡು ನಿಧಾನಕ್ಕೆ ಹೊರಡಿ.

ಪ್ರಶ್ನೆ: ಅಣ್ಣಾ, ನಂಗೆ 23. ಡಿಪ್ಲೊಮಾ ಮುಗಿದಿದೆ, ಕೆಲಸ ಸಿಕ್ಕಿಲ್ಲ. ಡೈವಿಂಗ್ ಇನ್‌ಸ್ಟ್ರಕ್ಟರ್ ಆಗಬೇಕು ಅಂತ ಆಸೆ. ಏನೂ ಗೊತ್ತಿಲ್ಲದವರನ್ನು ಆರೇ ತಿಂಗಳಲ್ಲಿ ಇನ್‌ಸ್ಟ್ರಕ್ಟರ್ ಮಾಡುವ ಪ್ಯಾಕೇಜ್ ಇದೆಯಂತೆ. ಮನೆಯಲ್ಲಿ ಸಾಲ ಮಾಡಿ ಕೊಡಿಸುತ್ತೇವೆ ಅನ್ನುತ್ತಾರೆ. ಸೇರಲಾ?
— ಆರ್., ಮಂಡ್ಯ

ಉತ್ತರ: ತಮ್ಮಾ, ಸಾಲದ ಮಾತು ಬಂದಿದ್ದರಿಂದ ನೇರವಾಗಿ ಹೇಳುತ್ತೇನೆ. ಈಗಲೇ ಸೇರಬೇಡ.

ಪ್ಯಾಕೇಜ್ ಸುಳ್ಳಲ್ಲ. ಪ್ಯಾಡಿ ನಿಯಮದ ಪ್ರಕಾರ ಡೈವ್‌ಮಾಸ್ಟರ್ (ಇನ್‌ಸ್ಟ್ರಕ್ಟರಿಗೆ ಹಿಂದಿನ ಹಂತ) ತರಬೇತಿ ಶುರು ಮಾಡಲು 40 ಡೈವ್, ಮುಗಿಸಲು 60. ಇನ್‌ಸ್ಟ್ರಕ್ಟರ್ ಪರೀಕ್ಷೆಗೆ 100 ಡೈವ್, ಜೊತೆಗೆ ಮೊದಲ ಕಾರ್ಡ್ ಸಿಕ್ಕಿ ಆರು ತಿಂಗಳಾಗಿರಬೇಕು. ಕಾಗದದ ಮೇಲೆ ಸರಿಹೋಗುತ್ತದೆ. ಆದರೆ ಆ 100 ಡೈವನ್ನು ಒಂದೇ ಜಾಗದಲ್ಲಿ, ಒಂದೇ ತಿಳಿನೀರಿನಲ್ಲಿ, ಲೆಕ್ಕ ತುಂಬಿಸಲು ಮಾಡಿದರೆ ಅದು ಒಂದೇ ಡೈವನ್ನು 100 ಸಲ ಮಾಡಿದ ಹಾಗೆ.

ಹೋದ ಸೀಸನ್ನಿನಲ್ಲಿ ಒಬ್ಬ ದಪ್ಪ ಮೀಸೆಯ ಗಿರಾಕಿ. ದೋಣಿಯಲ್ಲಿ ಎಲ್ಲರನ್ನೂ ನಗಿಸಿಕೊಂಡು ಬಂದ. ಆರು ಮೀಟರಿನಲ್ಲಿ ನಾನು ಓಕೆನಾ ಅಂತ ಬೆರಳು ತೋರಿಸಿದೆ, ಅವನೂ ಓಕೆ ತೋರಿಸಿದ. ಪಕ್ಕದಲ್ಲೇ ದೊಡ್ಡ ಮುರು ಮೀನು ಬಾಯಿ ತೆರೆದುಕೊಂಡು ನಿಂತಿತ್ತು. ಎಲ್ಲರೂ ಅದನ್ನು ನೋಡುತ್ತಿದ್ದಾರೆ, ಇವನು ನೋಡುತ್ತಿಲ್ಲ. ಅವನ ಗುಳ್ಳೆ ನೋಡಿದೆ. ಬಿಟ್ಟು ಬಿಟ್ಟು ಬರಬೇಕಾದದ್ದು ಒಂದಕ್ಕೊಂದು ಅಂಟಿಕೊಂಡು ಬರುತ್ತಿದೆ. ಕಣ್ಣು ಮಾಸ್ಕಿನ ತುಂಬ. ಕೈ ಮೆಲ್ಲಗೆ ಮಾಸ್ಕಿನ ಕಡೆ ಹೋಗುತ್ತಿದೆ. ಇನ್ನು ಎರಡು ಸೆಕೆಂಡು ಬಿಟ್ಟಿದ್ದರೆ ಮಾಸ್ಕ್ ಕಿತ್ತೆಸೆದು ಮೇಲಕ್ಕೆ ಓಡುತ್ತಿದ್ದ. ನಾನು ಅವನ ಎದುರಿಗೆ ಬಂದು, ಕೈ ಹಿಡಿದು, ನನ್ನ ಕಣ್ಣನ್ನೇ ನೋಡು ಅಂತ ತೋರಿಸಿ, ಉಸಿರು ಎಳೆ, ಬಿಡು, ಎಳೆ, ಬಿಡು ಅಂತ ಕೈಯಲ್ಲಿ ತಾಳ ಹಾಕಿದೆ. ಒಂದು ನಿಮಿಷ ಹಿಡಿಯಿತು. ಆಮೇಲೆ ನಿಧಾನಕ್ಕೆ ಮೇಲೆ ಕರೆದುಕೊಂಡು ಬಂದೆ. ದೋಣಿಯಲ್ಲಿ ಅವನು ಏನೂ ಆಗೇ ಇಲ್ಲ ಅನ್ನುವ ಹಾಗೆ ಮೀಸೆ ತಿರುವಿದ.

ಗಾಬರಿಯ ಲಕ್ಷಣಗಳು ರೆಸ್ಕ್ಯೂ ಕೋರ್ಸಿನ ಪುಸ್ತಕದಲ್ಲಿ ಇವೆ. ಓದಿದ್ದೆ, ಅದಕ್ಕೇ ಏನು ನೋಡಬೇಕು ಅಂತ ಗೊತ್ತಿತ್ತು. ಆದರೆ ಐದು ಜನರ ಗುಳ್ಳೆಗಳ ನಡುವೆ ಒಬ್ಬನ ಗುಳ್ಳೆ ಬೇರೆ ಥರ ಇದೆ ಅಂತ ಕಣ್ಣಿಗೆ ಬೀಳಲು ನನಗೆ ನಾಲ್ಕು ಸೀಸನ್ ಬೇಕಾಯಿತು. ನೀನು ಏಳನೇ ತಿಂಗಳಿಗೆ ಅಂಥವರ ಜೀವ ಕೈಯಲ್ಲಿ ಹಿಡಿದುಕೊಂಡು ನಿಂತಿರುತ್ತೀಯ.

ಹೀಗೆ ಮಾಡು. ಮೊದಲ ಕೋರ್ಸಿಗೆ ಮಾತ್ರ ದುಡ್ಡು ಹೊಂದಿಸು. ಆಮೇಲೆ ಯಾವುದಾದರೂ ಡೈವಿಂಗ್ ಜಾಗದಲ್ಲಿ ಒಂದು ಸೀಸನ್ ಸಹಾಯಕನಾಗಿ ಸೇರು. ನೇತ್ರಾಣಿ ಆಗಬಹುದು, ಅಂಡಮಾನ್ ಆಗಬಹುದು. ದೋಣಿ ತೊಳೆಯಬೇಕು, ಸೂಟು ಒಣಗಿಸಬೇಕು, ವಾಂತಿ ಮಾಡುವವರ ಬೆನ್ನು ಸವರಬೇಕು. ಜಾಗ ಖಾಲಿ ಇದ್ದಾಗ ಡೈವ್ ಸಿಗುತ್ತದೆ. ಒಂದು ದಿನ ನೀರು ತಿಳಿಯಾಗಿರುತ್ತದೆ, ಇನ್ನೊಂದು ದಿನ ಕೈ ಚಾಚಿದರೆ ಬೆರಳು ಕಾಣುವುದಿಲ್ಲ. ಎರಡರಲ್ಲೂ ಇಳಿ. ವರ್ಷ ಕಳೆದ ಮೇಲೂ ಆಸೆ ಹಾಗೇ ಇದ್ದರೆ ರೆಸ್ಕ್ಯೂ, ಆಮೇಲೆ ಡೈವ್‌ಮಾಸ್ಟರ್. ಆಗ ಸಾಲ ಮಾಡಿದರೂ ತೀರಿಸುವ ದಾರಿ ಗೊತ್ತಿರುತ್ತದೆ.

ನಮ್ಮಲ್ಲೂ ಅಕ್ಟೋಬರಿಗೆ ಒಬ್ಬ ಹುಡುಗ ಬೇಕು. ತುಂಬಿದ ಸಿಲಿಂಡರ್ ಒಂದಕ್ಕೆ ಹದಿನೇಳು ಕಿಲೋ ಹತ್ತಿರ, ಬೆಳಿಗ್ಗೆ ಆರಕ್ಕೆ ದೋಣಿಗೆ ಇಪ್ಪತ್ತು ಹೊರಬೇಕು. ಬರುವುದಾದರೆ ಪತ್ರಿಕೆಯ ವಿಳಾಸಕ್ಕೇ ಬರೆ, ಅವರು ನನಗೆ ತಲುಪಿಸುತ್ತಾರೆ. ಚಪ್ಪಲಿ ಹಳೆಯದು ತಾ, ಉಪ್ಪುನೀರಿಗೆ ಹೊಸದು ಉಳಿಯುವುದಿಲ್ಲ.